ಯಾವ ಎಣ್ಣಿ ಹಾಕಲಿ, ಸಿದ್ರಾಮಾ?

ನನ್ನ ಹೆಸರು ಸಿದ್ರಾಮ. ಊರು ಭೋಜ. ಚಿಕ್ಕೋಡಿಯ ಒಂದು ಗ್ಯಾರೇಜಿನಲ್ಲಿ ಮೂವತ್ತೆಂಟು ವರ್ಷ ಬ್ರೇಕು ಮತ್ತು ಶಾಕಪ್ ಕೆಲಸ ಮಾಡಿ ಈಗ ಮನೆ ಸೇರಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗವಾಗುವಂತೆ ಏನಾದರೂ ಬರೆಯಿರಿ ಎಂದು ಕೆಲವರು ಹೇಳುತ್ತಲೇ ಇದ್ದರು. ಬರೆಯುವಂಥದ್ದೇನಿದೆ? ಗಾಡಿ ನಿಂತರೆ ಡ್ರೈವರ್ ಜಾಣ, ನಿಲ್ಲದಿದ್ದರೆ ಮಿಸ್ತ್ರಿ ದಡ್ಡ. ಇಷ್ಟನ್ನು ಬರೆಯಲು ಪುಸ್ತಕ ಬೇಕಾಗಿಲ್ಲ ಎಂದು ತಳ್ಳಿಹಾಕುತ್ತಿದ್ದೆ. ಆದರೆ ಹೋದ ತಿಂಗಳು ರಾಯಬಾಗದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಕೇಳಿದ ಪ್ರಶ್ನೆಯಿಂದ ತಪ್ಪಿಸಿಕೊಂಡು ಬಂದೆ. ಅದಕ್ಕಾಗಿ ಬರೆಯಲು ಕೂತಿದ್ದೇನೆ.

ಕೇಳಿದವರು ಮುಗಳಖೋಡದ ಮಲ್ಲಪ್ಪನವರು. ಅಲ್ಲಿ ಅವರದೊಂದು ಕಿರಾಣಿ ಅಂಗಡಿ ಇದೆ. ಹಿಂದೆ ನಮ್ಮ ಗ್ಯಾರೇಜಿಗೆ ಬಂದುಹೋಗಿ ಮಾಡುತ್ತಿದ್ದ ಪರಿಚಯ. ಚಹಾ ಹೇಳಿ, ಪಕ್ಕಕ್ಕೆ ಕರೆದು ಕೂರಿಸಿಕೊಂಡರು.

"ಮಿಸ್ತ್ರಿ, ನಿಮ್ಮ ಚಿಕ್ಕೋಡಿ ಅಪ್ಪಾಸಾಬ ಗುರೂಜಿ ಮೊಮ್ಮಗಳನ್ನ ನಮ್ಮ ಹುಡುಗಗ ನೋಡೇವಿ. ಹುಡುಗಿ ಭಾಳ ಛಲೋ ಅದಾಳ. ಆದ್ರ ಅಜ್ಜ ಎಣ್ಣಿ ಗಿರಾಕಿ ಅಂತಲ್ರಿ? ಕುಡದು ಕಾರ ಹೊಲದಾಗ ಹೊಗಿಸಿ ಹೆಂಡ್ತಿ ಕೈ ಮುರದಾರಂತ. ಖರೇ ಏನ್ರಿ?"

"ಅವರು ಜನ್ಮದಾಗ ಕುಡದವರಲ್ರಿ," ಅಂದೆ.

"ಮತ್ತ ಎಲ್ಲಾರೂ 'ಎಣ್ಣಿ ಗುರೂಜಿ' ಅಂತ ಯಾಕ ಕರೀತಾರ? ಸುಮ್ಮ ಸುಮ್ಮನ ಯಾರರ ಹಂಗ ಅಂತಾರೇನ್ರಿ? ಮುಂದಿನ ತಿಂಗಳ ಹುಣ್ಣಿವಿಯೊಳಗ ಹೂಂ ಅನ್ನಬೇಕು, ಇಲ್ಲಾ ಬ್ಯಾಡ ಅನ್ನಬೇಕು. ಅದಕ್ಕ ಕೇಳಿದ್ನಿ."

ಚಹಾದ ಕಪ್ಪು ಕೆಳಗಿಟ್ಟೆ. ಆ ಹೆಸರನ್ನು ಇಟ್ಟವನು ನಾನು. ಅಪ್ಪಾಸಾಬ ಗುರೂಜಿಯವರಿಗೆ ಅದು ಹೇಗೆ ಅಂಟಿತು ಎನ್ನುವುದು ನನಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿಲ್ಲ ಎಂದು ಎಂಟು ವರ್ಷ ನಂಬಿಕೊಂಡಿದ್ದೆ. ಒಂದು ಹುಡುಗಿಯ ಮದುವೆ ಈಗ ನನ್ನ ನಾಲಿಗೆಯ ತುದಿಯಲ್ಲಿ ನಿಂತಿದೆ. ಬಸ್ಸು ಬಂತೆಂದು ನೆಪ ಹೇಳಿ ಎದ್ದೆ. ನನ್ನ ಬಸ್ಸು ಬರಲು ಇನ್ನೂ ಅರ್ಧ ತಾಸಿತ್ತು.

ಮೊದಲಿನಿಂದಲೇ ಹೇಳುತ್ತೇನೆ. ನನಗೆ ಕೆಲಸ ಕಲಿಸಿದವರು ಬಾಬಾಲಾಲ್ ಉಸ್ತಾದರು. ಬೈಗುಳ ತೆಗೆದುಹಾಕಿದರೆ ಅವರ ದಿನದ ಮಾತು ಒಂದು ಬೀಡಿ ಸೇದುವಷ್ಟರಲ್ಲಿ ಮುಗಿಯುತ್ತಿತ್ತು. ಅವರ ಬಾಯಲ್ಲಿ ಎಲ್ಲದಕ್ಕೂ ಎಣ್ಣಿ ಎಂಬುದೊಂದೇ ಹೆಸರು. ಎಂಜಿನ್ನಿಗೆ ಸುರಿಯುವುದೂ ಎಣ್ಣಿ, ಗೇರಿಗೆ ಹಾಕುವುದೂ ಎಣ್ಣಿ, ಬ್ರೇಕಿಗೆ ಹಾಕುವುದೂ ಎಣ್ಣಿ. ಯಾವ ಹಲಗೆಯ ಮೇಲಿನ ಡಬ್ಬಿ ಯಾವುದಕ್ಕೆ ಎಂಬುದು ನಮ್ಮ ತಲೆಯಲ್ಲಿರಬೇಕು. ತಪ್ಪಿದರೆ ಅವರ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ನಮ್ಮ ಬೆನ್ನಿನ ಮೇಲಿರುತ್ತಿತ್ತು.

ನಿಜ ಹೇಳಬೇಕೆಂದರೆ ಬ್ರೇಕಿಗೆ ಹಾಕುವುದು ಎಣ್ಣೆಯೇ ಅಲ್ಲ. ಅದರ ಜಾತಿಯೇ ಬೇರೆ. ಬ್ರೇಕಿನ ಒಳಗೆ ರಬ್ಬರಿನ ವಾಷರುಗಳಿರುತ್ತವೆ. ಬೇರೆ ಎಣ್ಣೆ ತಾಗಿದರೆ ಅವು ನೆನೆಹಾಕಿದ ಕಡಲೆಯ ಹಾಗೆ ಉಬ್ಬಿ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಇದನ್ನು ಪರೀಕ್ಷೆ ಮಾಡಲು ಉಸ್ತಾದರ ಬಳಿ ಒಂದು ಸ್ಟೀಲಿನ ಲೋಟ ಇತ್ತು. ಲೋಟದ ತುಂಬ ನೀರು ಹಾಕಿ ಒಂದು ಹನಿ ಬಿಡುವುದು. ಬ್ರೇಕಿನದಾದರೆ ನೀರಿನಲ್ಲಿ ಬೆರೆತುಹೋಗುತ್ತದೆ. ಬೇರೆಯದಾದರೆ ಮೇಲೆ ತೇಲುತ್ತದೆ.

"ಡಬ್ಬಿ ಸುಳ್ಳ ಹೇಳ್ತೈತಿ, ಗಿರಾಕಿ ಸುಳ್ಳ ಹೇಳ್ತಾನ. ನೀ ನೀರಿಗಿ ಕೇಳಲೇ," ಅನ್ನುತ್ತಿದ್ದರು. ನಮ್ಮ ಮಾಲಕರು ಒಮ್ಮೆ ಗೊತ್ತಿಲ್ಲದೆ ಅದೇ ಲೋಟದಲ್ಲಿ ನೀರು ಕುಡಿದು ಮೂರು ದಿನ ಗ್ಯಾರೇಜಿನ ಕಡೆ ಬರಲಿಲ್ಲ. ನಾವು ಅಷ್ಟು ನೆಮ್ಮದಿಯಾಗಿ ಕೆಲಸ ಮಾಡಿದ್ದು ಅದೇ ಮೊದಲು, ಅದೇ ಕೊನೆ.

ಈಗ ನಮ್ಮ ಗಿರಾಕಿಗಳ ಮಾತು. ಗಾಡಿ ಹಳೆಯದಾದಷ್ಟೂ ಮಾಲಕನಿಗೆ ತಾನೇ ಮಿಸ್ತ್ರಿ ಎಂಬ ಧೈರ್ಯ ಬರುತ್ತದೆ. ಹೊಸ ಗಾಡಿಯ ಬಾನೆಟ್ ಎತ್ತಲು ಹೆದರುವವನು ಹದಿನೈದು ವರ್ಷದ ಗಾಡಿಯ ಕೆಳಗೆ ಚಾಪೆ ಹಾಸಿ ಮಲಗುತ್ತಾನೆ. ನಿಪ್ಪಾಣಿಯಲ್ಲಿ ಒಬ್ಬ ತಂಬಾಕು ವ್ಯಾಪಾರಿ ಇದ್ದರು. ಅವರ ಕಾರು ಬ್ರೇಕು ಹಾಕಿದಾಗಲೆಲ್ಲ ಕಿರ್ರ್ ಅನ್ನುತ್ತಿತ್ತು. ಮನೆಯ ಬಾಗಿಲು ಕಿರ್ರ್ ಅಂದರೆ ಏನು ಮಾಡುತ್ತಾರೋ ಅದನ್ನೇ ಅವರು ಮಾಡಿದರು. ನಾಲ್ಕೂ ಗಾಲಿ ಬಿಚ್ಚಿ ಬ್ರೇಕಿನ ಪಟ್ಟಿಗಳಿಗೆ ನೀಟಾಗಿ ಗ್ರೀಸು ಬಳಿದರು. ಆಮೇಲೆ ಕಾರನ್ನು ನೇರವಾಗಿ ನಮ್ಮಲ್ಲಿಗೆ ತಂದರು. ನೇರವಾಗಿ ಎಂದರೆ ಗೇಟಿನ ಸಮೇತ.

ಇಳಿದವರೇ, "ಸಪ್ಪಳ ಮಾತ್ರ ಪೂರಾ ನಿಂತೈತಿ ನೋಡ್ರಿ," ಅಂದರು.

"ಹೌದ್ರಿ ಸಾವಕಾರ್ರ, ಸಪ್ಪಳ ನಿಂತೈತಿ. ಗಾಡಿಗೂ ಹೇಳಿದ್ರ ನಿಂದರ್ತಿತ್ತು," ಅಂದೆ. ಅವರಿಗೆ ಸಿಟ್ಟು ಬಂತು. ಗೇಟು ಅಲ್ಲಿ ಇಡಬಾರದಿತ್ತು ಎಂದು ನನಗೇ ತಿಳಿಹೇಳಿದರು.

ಕಾಗವಾಡದ ಕಡೆಯ ಇನ್ನೊಬ್ಬರ ಕತೆ ಕೇಳಿ. ಶಾಕಪ್ ಎಂದರೆ ಗಾಡಿ ಕುಣಿಯದಂತೆ ಹಿಡಿಯುವ ಕೊಳವೆ. ಒಳಗೆ ಎಣ್ಣೆ ಇರುತ್ತದೆ, ಬಾಯಿ ಮುಚ್ಚಿಯೇ ಬರುತ್ತದೆ. ಸೋರಿತೆಂದರೆ ತೆಗೆದು ಹೊಸದು ಹಾಕಬೇಕು. ಇವರು ಹಾಗೆ ಮಾಡಲಿಲ್ಲ. ಕೊಳವೆಗೆ ತೂತು ಕೊರೆದು, ಎಮ್ಮೆಗೆ ಸೂಜಿ ಚುಚ್ಚುವ ದೊಡ್ಡ ಸಿರಿಂಜಿನಿಂದ ಒಳಗೆ ಔಡಲೆಣ್ಣೆ ತುಂಬಿದರು. ಆಮೇಲೆ ತೂತು ಮುಚ್ಚಲು ವೆಲ್ಡಿಂಗ್ ಅಂಗಡಿಗೆ ಒಯ್ದರು. ಎಣ್ಣೆ ತುಂಬಿದ ಕೊಳವೆಗೆ ಬೆಂಕಿ ತಾಗಿಸಿದರೆ ಏನಾಗಬೇಕೋ ಅದು ಆಯಿತು. ವೆಲ್ಡಿಂಗ್ ಮಾಡುವವನ ಮೀಸೆ, ಹುಬ್ಬು ಎರಡೂ ಹೋದವು. ಪುಣ್ಯಕ್ಕೆ ಕಣ್ಣು ಉಳಿದವು. ಮರುದಿನ ಆ ಮನುಷ್ಯ ಇನ್ನೊಂದು ಕೊಳವೆ ಹಿಡಿದುಕೊಂಡು ನಮ್ಮ ಗ್ಯಾರೇಜಿಗೆ ಬಂದರು.

"ಒಂದು ಒಡೀತ್ರಿ. ಇದಕ್ಕರ ನೀವು ವೆಲ್ಡಿಂಗ್ ಮಾಡಿಕೊಡ್ರಿ. ಅಂವ ಈಗ ವಲ್ಲೆ ಅನ್ನಾಕತ್ತಾನ."

ಇಂಥವರನ್ನು ಆಡಿಕೊಳ್ಳುವುದೇ ನಮ್ಮ ಮಧ್ಯಾಹ್ನದ ಊಟದ ಉಪ್ಪಿನಕಾಯಿ. ಆಡಿಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರು ಗ್ಯಾರೇಜುಗಳ ಆ ಸಾಲಿನಲ್ಲಿ ಯಾರೂ ಇರಲಿಲ್ಲ. ನಾನು ಇಟ್ಟ ಅಡ್ಡಹೆಸರು ಸಂಜೆಯ ಹೊತ್ತಿಗೆ ಅಥಣಿ ಮುಟ್ಟುತ್ತದೆ ಎಂದು ಜನ ಹೇಳುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಉಸ್ತಾದರು ಹೋದ ಮೇಲೆ ಕೆಲಸದ ರೀತಿ ಬದಲಾಯಿತು. ಮಾಲಕರು ಜಾಬ್ ಕಾರ್ಡ್ ಎಂಬ ಹಳದಿ ಹಾಳೆ ಅಚ್ಚು ಹಾಕಿಸಿದರು. ಗಾಡಿಯ ನಂಬರು, ತೊಂದರೆ, ಕಾರಣ ಎಂದು ಅದರಲ್ಲಿ ಮೂರು ಸಾಲು. ಕಾರಣ ಎಂಬಲ್ಲಿ "ಗ್ರಾಹಕರ ತಪ್ಪು" ಎಂದು ಅಚ್ಚಾಗಿಯೇ ಬಂದಿತ್ತು. "ಪ್ರತಿ ಸಲ ಬರಿಯೂದು ಯಾಕ, ಮ್ಯಾಲಿಂದ ಮ್ಯಾಲ ಅದ ಬರ್ತೈತಲ್ಲ," ಎಂದು ಮಾಲಕರು ಅಂದಾಗ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಮ್ಮ ತಪ್ಪಿಗೆ ಆ ಹಾಳೆಯಲ್ಲಿ ಜಾಗವೇ ಇರಲಿಲ್ಲ. ಅದು ನಮಗೆ ಬಹಳ ಅನುಕೂಲವಾಯಿತು. ಹೊಸದಾಗಿ ಬರುವವರು ಇಂಥ ಹಾಳೆ ಕಂಡರೆ ಮೊದಲು ಹರಿದು ಬಿಸಾಡಬೇಕು.

ಆಮೇಲೆ ಮೊಬೈಲಿನಲ್ಲಿ ವಿಡಿಯೋ ಬಂದವು. ವಿಡಿಯೋದಲ್ಲಿ ಕಾರು ರಿಪೇರಿ ಮಾಡುವವರ ಕೈಗೆ ಮಸಿ ಹತ್ತುವುದಿಲ್ಲ. ಪಾನಾ ಇಟ್ಟ ಕೂಡಲೇ ನಟ್ಟು ತಾನಾಗಿ ತಿರುಗುತ್ತದೆ. ಕಬ್ಬಿನ ಹೊಲದ ಕೆಸರು ಕುಡಿದು ತುಕ್ಕು ಹಿಡಿದ ನಮ್ಮ ಕಡೆಯ ನಟ್ಟುಗಳು ಯಾವ ವಿಡಿಯೋವನ್ನೂ ನೋಡಿರುವುದಿಲ್ಲ. ಅಪ್ಪಾಸಾಬ ಗುರೂಜಿಯವರು ಈ ವಿಡಿಯೋಗಳ ಭಕ್ತರಾದರು.

ಗುರೂಜಿಯವರು ವಿಜ್ಞಾನದ ಮಾಸ್ತರರು. ಭೋಜದ ಶಾಲೆಯಲ್ಲಿ ಏಳನೆಯ ಇಯತ್ತೆಯಲ್ಲಿ ನನಗೂ ಕಲಿಸಿದವರು. ದ್ರವದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಕರಿಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದವರು ಅವರೇ. ಬ್ರೇಕು ಹಿಡಿಯುವುದು ಅದೇ ಒತ್ತಡದಿಂದ, ನನ್ನ ಹೊಟ್ಟೆ ಹೊರೆದದ್ದು ಅದೇ ಪಾಠ. ಅಡಿಕೆ ಚೂರನ್ನೂ ಬಾಯಿಗೆ ಹಾಕಿಕೊಳ್ಳದ ಮನುಷ್ಯ. ನಿವೃತ್ತರಾಗಿ ಚಿಕ್ಕೋಡಿಗೆ ಬಂದ ಮೇಲೆ ಒಂದು ಹಳೆಯ ಬಿಳಿ ಕಾರು ಕೊಂಡು, ಅದರ ಎಲ್ಲ ಕೆಲಸವನ್ನೂ ತಾವೇ ಮಾಡಲು ಹೊರಟರು.

ಒಂದು ಭಾನುವಾರ ಅವರ ಮನೆಯ ಮುಂದೆ ಜನ ಸೇರಿತ್ತು. ಗುರೂಜಿ ಕಾರಿನ ಕೆಳಗೆ ಮಲಗಿ ಬ್ರೇಕಿನಲ್ಲಿ ಸೇರಿದ ಗಾಳಿ ತೆಗೆಯುತ್ತಿದ್ದರು. ಇದು ಇಬ್ಬರ ಕೆಲಸ. ಒಬ್ಬರು ಒಳಗೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಕೆಳಗೆ ಸ್ಕ್ರೂ ಬಿಚ್ಚಿ ಕಟ್ಟಬೇಕು. ಒಳಗೆ ಕೂತಿದ್ದವರು ಅವರ ಹೆಂಡತಿ ಶಾಂತಕ್ಕ.

"ಒತ್ತು! ಹಿಡಿ! ಬಿಡಬ್ಯಾಡ ಅಂದ್ನಿ!" ಎಂದು ಕೆಳಗಿನಿಂದ ಗುರೂಜಿ.

"ನಲವತ್ತು ವರ್ಷ ಹಿಡದೇನಿ, ಇನ್ನೆಷ್ಟು ಹಿಡೀಲಿ?" ಎಂದು ಮೇಲಿನಿಂದ ಶಾಂತಕ್ಕ.

ಗಂಡ ಹೆಂಡತಿ ಜಗಳವಾಡುತ್ತಿದ್ದಾರೆಂದು ಬಿಡಿಸಲು ಬಂದವರು ನಗುತ್ತಾ ನಿಂತಿದ್ದರು. ನಾನೂ ನಿಂತು ನಕ್ಕೆ. ಆದರೆ ಹೋಗಿ ಪೆಡಲ್ ಒತ್ತಿ ನೋಡಿದಾಗ ಕೆಲಸ ಸರಿಯಾಗಿತ್ತು. ನಮ್ಮ ಗ್ಯಾರೇಜಿನಲ್ಲಿ ಎಷ್ಟೋ ಜನ ಅಷ್ಟು ನೀಟಾಗಿ ಮಾಡುತ್ತಿರಲಿಲ್ಲ. ಅದನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಮರುದಿನ ಆಡಿಕೊಳ್ಳಲು ಏನೂ ಉಳಿಯುತ್ತಿರಲಿಲ್ಲ.

ಏನೇ ಮಾಡುವ ಮುಂಚೆ ಗುರೂಜಿ ನನಗೆ ಫೋನು ಮಾಡುತ್ತಿದ್ದರು. ಒಂದು ಕೆಲಸಕ್ಕೆ ಹತ್ತು ಪ್ರಶ್ನೆ. ಎಂಟು ವರ್ಷದ ಹಿಂದೆ ಕಬ್ಬಿನ ಹಂಗಾಮಿನಲ್ಲಿ ಒಂದು ಮಧ್ಯಾಹ್ನ ಹಾಗೆಯೇ ಫೋನು ಬಂತು. ನಾನು ಜೀಪೊಂದರ ಕೆಳಗಿದ್ದೆ. ಪಕ್ಕದಲ್ಲಿ ಕಬ್ಬಿನ ಗುತ್ತಿಗೆದಾರನೊಬ್ಬ ತನ್ನ ಗಾಡಿ ಮೊದಲು ಆಗಬೇಕೆಂದು ಕೂಗಾಡುತ್ತಿದ್ದ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದೆ.

"ಪೆಡಲ್ ಜರಾ ಕೆಳಗ ಹೊಂಟೈತಿ. ಬ್ರೇಕಿನ ಡಬ್ಬಿಯೊಳಗ ಎಣ್ಣಿ ಕಡಿಮಿ ಕಾಣಾಕತ್ತೈತಿ. ಯಾವ ಎಣ್ಣಿ ಹಾಕಲಿ, ಸಿದ್ರಾಮಾ?"

"ನಿಮ್ಮದು ಹೈಡ್ರಾಲಿಕ್ ಬ್ರೇಕ್ ಐತಲ್ರಿ ಗುರೂಜಿ. ಹೈಡ್ರಾಲಿಕ್ ಎಣ್ಣಿ ಹಾಕ್ರಿ, ಹೊಂಡ್ರಿ," ಎಂದು ನಾನು ಹೇಳಿರಬಹುದು. ಆ ಗದ್ದಲದಲ್ಲಿ ಏನು ಹೇಳಿದೆನೋ ಸರಿಯಾಗಿ ನೆನಪಿಲ್ಲ.

ನಮ್ಮ ಕಡೆ ಹೈಡ್ರಾಲಿಕ್ ಎಣ್ಣಿ ಎಂದರೆ ಒಂದೇ ಅರ್ಥ. ಕಬ್ಬು ತುಂಬಿದ ಟ್ರೇಲರನ್ನು ಎತ್ತಿ ಸುರುವಲು ಟ್ರ್ಯಾಕ್ಟರಿಗೆ ಹಾಕುವ ಎಣ್ಣೆ. ಟ್ರ್ಯಾಕ್ಟರ್ ಇರುವ ಪ್ರತಿ ಮನೆಯಲ್ಲೂ ಅದರದೊಂದು ಕ್ಯಾನು ಇದ್ದೇ ಇರುತ್ತದೆ. ಗುರೂಜಿಯವರ ತಮ್ಮನ ಮನೆಯಲ್ಲೂ ಇತ್ತು. ಬ್ರೇಕು ಹೈಡ್ರಾಲಿಕ್, ಎಣ್ಣೆಯೂ ಹೈಡ್ರಾಲಿಕ್, ಹೇಳಿದವನು ಮಿಸ್ತ್ರಿ. ಮೂರೂ ತಾಳೆಯಾದವು. ತಂದು ಹಾಕಿದರು.

ನಾಲ್ಕು ದಿನ ಏನೂ ಆಗಲಿಲ್ಲ. ರಬ್ಬರು ಉಬ್ಬಲು ಅಷ್ಟು ಹೊತ್ತು ಬೇಕು. ಐದನೆಯ ದಿನ ಇಬ್ಬರೂ ನೆಂಟರ ಊರಿಗೆ ಹೋಗಿ, ಸ್ತವನಿಧಿ ಘಾಟು ಇಳಿದು ನಿಪ್ಪಾಣಿಯ ಕಡೆಗೆ ಬರುತ್ತಿದ್ದರು. ಉಬ್ಬಿದ ವಾಷರುಗಳು ಬ್ರೇಕನ್ನು ಬಿಡದೆ ಹಿಡಿದುಕೊಂಡವು, ಗಾಲಿಗಳು ಕಾದು ಹೊಗೆ ಬಂತು, ಆ ಕಾವಿಗೆ ಒಳಗಿನದೆಲ್ಲ ಕುದಿದು ಇಳಿಜಾರಿನ ಕೊನೆಯಲ್ಲಿ ಪೆಡಲ್ ಪೂರ್ತಿ ಕೆಳಗೆ ಹೋಯಿತು, ಬ್ರೇಕು ಹತ್ತಲಿಲ್ಲ. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರ್ ಇತ್ತು. ಗುರೂಜಿ ಸ್ಟೀರಿಂಗ್ ಎಳೆದು ಕಾರನ್ನು ತಂಬಾಕಿನ ಹೊಲಕ್ಕೆ ಇಳಿಸಿದರು. ಕಾರು ಬದುವಿಗೆ ಬಡಿದು ನಿಂತಿತು. ಗುರೂಜಿಗೆ ಏನೂ ಆಗಲಿಲ್ಲ. ಶಾಂತಕ್ಕನ ಬಲ ಮುಂಗೈ ಮುರಿಯಿತು. ಎಲುಬು ಕೂಡಿತು, ಆದರೆ ಬೆರಳು ಮೊದಲಿನಂತೆ ಮಡಚಲಿಲ್ಲ. ಅಂದಿನಿಂದ ಅವರು ಎಲ್ಲವನ್ನೂ ಎಡಗೈಯಲ್ಲೇ ಮಾಡುತ್ತಾರೆ.

ಕಾರನ್ನು ಎಳೆದು ನಮ್ಮ ಗ್ಯಾರೇಜಿಗೆ ತಂದರು. ಸುತ್ತ ಹದಿನೈದು ಇಪ್ಪತ್ತು ಜನ. ನಾನು ಉಸ್ತಾದರ ಲೋಟ ತೆಗೆದು ನೀರು ತುಂಬಿ, ಬ್ರೇಕಿನ ಡಬ್ಬಿಯಿಂದ ಒಂದು ಹನಿ ಬಿಟ್ಟೆ. ಹನಿ ಗುಂಡಗೆ ತೇಲಿತು. ಆ ಹನಿ ಕಂಡ ಕ್ಷಣವೇ ನನಗೆ ಆ ಫೋನು ನೆನಪಾಯಿತು. ಕಿವಿಯಲ್ಲಿ ನನ್ನದೇ ದನಿ ಕೇಳಿತು. ಅಷ್ಟರಲ್ಲಿ ಯಾರೋ, "ಏನ್ ಹಾಕ್ಯಾರ್ರಿ ಮಿಸ್ತ್ರಿ?" ಅಂದರು. ಎಲ್ಲರ ಕಣ್ಣು ನನ್ನ ಮೇಲೆ. ಜನ ಸೇರಿದಾಗ ನನಗೆ ಬರುತ್ತಿದ್ದದ್ದು ಒಂದೇ ವಿದ್ಯೆ.

"ಗುರೂಜಿ ಕಾರಿಗಿ ಎಣ್ಣಿ ಕುಡಿಸ್ಯಾರ್ರಿ! ಇವತ್ತಿನಿಂದ ಎಣ್ಣಿ ಗುರೂಜಿ!"

ಎಲ್ಲರೂ ಬಿದ್ದುಬಿದ್ದು ನಕ್ಕರು. ನಾನು ಹಳದಿ ಹಾಳೆಗೆ ಸಹಿ ಹಾಕಿದೆ. ಕಾರಣ ಎಂಬಲ್ಲಿ ಏನೂ ಬರೆಯಬೇಕಾಗಿರಲಿಲ್ಲ, ಅಚ್ಚಾಗಿತ್ತಲ್ಲ.

ಹೆಸರು ಎಂದಿನಂತೆ ಓಡಿತು. ನಿಪ್ಪಾಣಿ ಮುಟ್ಟುವಷ್ಟರಲ್ಲಿ "ಕಾರಿಗೆ" ಎಂಬ ಮಾತು ಉದುರಿ ಬಿದ್ದಿತ್ತು. ರಾಯಬಾಗದಲ್ಲಿ ಗುರೂಜಿಯ ಕೈಗೆ ಗ್ಲಾಸು ಬಂದಿತ್ತು. ಅಥಣಿಯಲ್ಲಿ ಸೀಟಿನ ಕೆಳಗೆ ಬಾಟಲಿ ಸಿಕ್ಕಿತ್ತು. ಗುರೂಜಿ ಕಾರನ್ನು ಗುಜರಿಗೆ ಹಾಕಿದರು. ವರ್ಷ ವರ್ಷ ಝಂಡಾ ಏರಿಸುವ ದಿನ ಶಾಲೆಗೆ ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದವರು ಹೋಗುವುದನ್ನು ಬಿಟ್ಟರು. ನಾನು ಆಗಾಗ ಅವರ ಮನೆಗೆ ಹೋಗಿ ಚಹಾ ಕುಡಿದು ಬರುತ್ತಿದ್ದೆ. ಅವರು ಒಂದು ದಿನವೂ ಆ ಮಾತು ಎತ್ತಲಿಲ್ಲ. ಪಾಪ, ಮರೆತಿದ್ದಾರೆ ಅಂದುಕೊಂಡು ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ. ಇಂಥ ಹೇಡಿಯನ್ನು ಎಷ್ಟು ಆಡಿಕೊಂಡರೂ ಕಡಿಮೆಯೇ. ಆದರೆ ಅವನನ್ನು ಆಡಿಕೊಳ್ಳಲು ಊರಲ್ಲಿ ಯಾರಿಗೂ ಅವನ ತಪ್ಪೇ ಗೊತ್ತಿರಲಿಲ್ಲ.

ಇಲ್ಲಿಯವರೆಗೆ ಬರೆದ ಹಾಳೆಗಳನ್ನು ಹೋದ ಗುರುವಾರ ಗುರೂಜಿಯವರ ಮನೆಗೆ ಒಯ್ದೆ. ಅವರು ಕಟ್ಟೆಯ ಮೇಲೆ ಕೂತು, ಕನ್ನಡಕ ಏರಿಸಿ, ಕಿಸೆಯಿಂದ ಕೆಂಪು ಪೆನ್ನು ತೆಗೆದು ಓದತೊಡಗಿದರು. ಏಳನೆಯ ಇಯತ್ತೆಯಲ್ಲಿ ನಿಂತಂತೆಯೇ ಕೈಕಟ್ಟಿ ನಿಂತೆ. ಮೊದಲೆರಡು ಹಾಳೆಗಳಲ್ಲಿ ಕಾಗುಣಿತ ತಿದ್ದಿದರು. ತಂಬಾಕು ವ್ಯಾಪಾರಿಯ ಗೇಟು ಬಂದಾಗ ನಕ್ಕರು. ಫೋನಿನ ಜಾಗ ಬಂದಾಗ ಪೆನ್ನು ನಿಂತಿತು. "ಹೇಳಿರಬಹುದು" ಎಂಬುದರ ಮೇಲೆ ಒಂದು ಗೀಟು ಎಳೆದರು. "ನೆನಪಿಲ್ಲ" ಎಂಬುದರ ಮೇಲೆ ಎರಡು.

"ಇದು ತಪ್ಪು, ಸಿದ್ರಾಮಾ. ಸರಿ ಮಾಡಿ ಬರಿ."

"ಗುರೂಜಿ, ನಿಮಗ ನೆನಪ ಐತ್ರಿ?"

ಉತ್ತರ ಕೊಟ್ಟದ್ದು ಶಾಂತಕ್ಕ. ಎಡಗೈಯಲ್ಲಿ ಚಹಾದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಅವತ್ತ ಇವರ ಕೈ ಮಸಿ ಆಗಿದ್ದುವಪಾ ತಮ್ಮಾ. ಫೋನ್ ಹಿಡದಾಕಿ ನಾನ. ಸ್ಪೀಕರ್ ಮ್ಯಾಲ ಇತ್ತು. ಒಂದೊಂದು ಶಬ್ದ ಕೇಳೇನಿ."

"ಹಂಗಾರ ಇಷ್ಟು ವರ್ಷ ಯಾಕ ಹೇಳ್ಲಿಲ್ರಿ ಅಕ್ಕಾವ್ರ?"

"ಇವರು ಬ್ಯಾಡ ಅಂದ್ರು. ಬ್ರೇಕ್ ಮಿಸ್ತ್ರಿ ಹೆಸರ ಕೆಟ್ರ ಯಾರು ಗಾಡಿ ಕೊಡ್ತಾರ, ಅವನ ಹೊಟ್ಟಿ ಮ್ಯಾಲ ಹೊಡಿಬಾರ್ದು, ತಾನ ಬಂದು ಹೇಳ್ತಾನ ಅಂದ್ರು. ನೀ ಬಂದಿ. ಬಂದಾಗೊಮ್ಮೆ ಚಹಾ ಕುಡದು ಹೋದಿ."

ಗುರೂಜಿ ತಲೆ ಎತ್ತಲಿಲ್ಲ. "ನಂದೂ ತಪ್ಪ ಐತಿ. ಯಾವುದು ಹಾಕಬೇಕಂತ ಬ್ರೇಕಿನ ಡಬ್ಬಿ ಮುಚ್ಚಳದ ಮ್ಯಾಲ ಬರದಿತ್ತು. ವಿಜ್ಞಾನ ಕಲಿಸಿದಾಂವ ನಾ ಓದಲಿಲ್ಲ. ಅದನ್ನೂ ಬರಿ," ಅಂದರು.

ನಾನು ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತೆ. ಸಮಾಧಾನ ಮಾಡಲು ಯಾರೂ ಬರಲಿಲ್ಲ. ಅದು ಸರಿಯೇ ಆಗಿತ್ತು.

ಮೇಲಿನ ತಪ್ಪು ಸಾಲನ್ನು ಹೊಸಬರು ನೋಡಲಿ ಎಂದು ಹಾಗೆಯೇ ಬಿಟ್ಟಿದ್ದೇನೆ. ಒಬ್ಬ ಮಿಸ್ತ್ರಿ ಹೇಗೆ ಜಾರಿಕೊಳ್ಳುತ್ತಾನೆ ಎಂಬುದು ಅದರಿಂದ ಗೊತ್ತಾಗುತ್ತದೆ. ಬೇರೆ ಹಾಳೆಯಲ್ಲಿ ಸರಿಯಾದದ್ದನ್ನು ಬರೆದೆ: ಹೈಡ್ರಾಲಿಕ್ ಎಣ್ಣಿ ಹಾಕ್ರಿ ಎಂದು ಹೇಳಿದವನು ನಾನು. ಎಣ್ಣಿ ಗುರೂಜಿ ಎಂದು ಹೆಸರಿಟ್ಟವನೂ ನಾನು. ಅವರು ಕುಡಿದವರಲ್ಲ. ಕೆಳಗೆ ಸಹಿ ಹಾಕಿದೆ. ಶಾಂತಕ್ಕ ಪೆನ್ನು ಕೇಳಿ ಇಸಿದುಕೊಂಡು, ಎಡಗೈಯಲ್ಲಿ ಬಹಳ ಹೊತ್ತು ತೆಗೆದುಕೊಂಡು, ನನ್ನ ಸಹಿಯ ಕೆಳಗೆ ಒಂದು ಸಾಲು ಬರೆದರು: ಫೋನ್ ಹಿಡಿದಾಕಿ ನಾನು, ನಾ ಕೇಳೇನಿ, ಶಾಂತಾ.

ಮರುದಿನ ಆ ಹಾಳೆ ಹಿಡಿದು ಮುಗಳಖೋಡಕ್ಕೆ ಹೋದೆ. ಮಲ್ಲಪ್ಪನವರು ತಕ್ಕಡಿ ಬಿಟ್ಟು ಬಂದು, ಎರಡು ಸಲ ಓದಿದರು. ಆಮೇಲೆ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

"ಇವು ಅಕ್ಷರ ಯಾಕ್ರಿ ಮಿಸ್ತ್ರಿ, ಇಷ್ಟ ಸೊಟ್ಟ ಅದಾವ?"

"ಎಡಗೈಲೆ ಬರದಾರ್ರಿ. ಬಲಗೈ ನಾ ಮಾಡಿದ ರಿಪೇರಿರಿ," ಅಂದೆ.